ಅಡಿಗಳಲ್ಲಿ ಅಳೆದ ನೀರು: ಮಲೆನಾಡಿನ ಮಣ್ಣು, ಸಿಂಧನೂರಿನ ಗದ್ದೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮುಂಗಾರು ಹಿಡಿದ ಕೂಡಲೇ ದಿನಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ಸಣ್ಣ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಭದ್ರಾ 186 ಅಡಿ, ತುಂಗಭದ್ರಾ 1633 ಅಡಿ. ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಲೆನಾಡಿನ ಮನೆಯ ಜಗುಲಿಯಲ್ಲಿ ಈ ಪಟ್ಟಿಯನ್ನು ಓದುವವರು ಮಳೆ ಚೆನ್ನಾಗಿ ಬಂದಿದೆ ಎಂದು ಸಮಾಧಾನಪಟ್ಟು ಪುಟ ಮಗುಚುತ್ತಾರೆ. ಅದೇ ಹೊತ್ತಿಗೆ ರಾಯಚೂರು ಜಿಲ್ಲೆಯ ಸಿಂಧನೂರಿನ ಚಹಾದಂಗಡಿಯಲ್ಲಿ ಅದೇ ಪಟ್ಟಿಯನ್ನು ಓದುವ ರೈತನು ಪುಟ ಮಗುಚುವುದಿಲ್ಲ. ಭತ್ತದ ಸಸಿಮಡಿ ಹಾಕಬೇಕೋ ಬೇಡವೋ, ಸಾಲ ಎತ್ತಬೇಕೋ ಬೇಡವೋ, ಎರಡನೆಯ ಬೆಳೆಯ ಆಸೆ ಇಟ್ಟುಕೊಳ್ಳಬಹುದೋ ಇಲ್ಲವೋ ಎಂಬುದೆಲ್ಲವೂ ಆ ಒಂದು ಸಾಲಿನಲ್ಲಿ ಅಡಗಿದೆ. ಒಂದೇ ಸಾಲಿಗೆ ಇಷ್ಟು ಭಿನ್ನವಾದ ಎರಡು ಓದುಗಳಿವೆ. ಆ ಸಾಲನ್ನು ಸರಿಯಾಗಿ ಓದುವುದು ಹೇಗೆ, ಅದರಲ್ಲಿ ಬೆಟ್ಟದ ಮೇಲಿನವರ ಪಾಲು ಎಷ್ಟು ಎಂಬುದೇ ಇಂದಿನ ವಿಷಯ.

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕಾಗಿದೆ. 1633 ಅಡಿ ಎಂದರೆ ಜಲಾಶಯದ ಆಳವಲ್ಲ. ಅದು ಸಮುದ್ರಮಟ್ಟದಿಂದ ಅಳೆದ ಎತ್ತರ. ಹೊಸಪೇಟೆಯ ಬಳಿ ನಿಂತಿರುವ ಅಣೆಕಟ್ಟಿನ ಸ್ವಂತ ಎತ್ತರ ತಳಪಾಯದಿಂದ ಸುಮಾರು 49 ಮೀಟರು ಮಾತ್ರ. ಭದ್ರಾ ಜಲಾಶಯದ 186 ಅಡಿಯಾದರೋ ಸಮುದ್ರಮಟ್ಟದ ಲೆಕ್ಕವಲ್ಲ. ಆದುದರಿಂದ ಈ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಆಯಾ ಜಲಾಶಯದಲ್ಲಿ ಇಂದಿನ ಮಟ್ಟಕ್ಕೂ ಗರಿಷ್ಠ ಮಟ್ಟಕ್ಕೂ ಇರುವ ಅಂತರವೆಷ್ಟು ಎಂಬುದೇ ಓದಬೇಕಾದ ಮಾತು.

ಎರಡನೆಯದು ಇನ್ನೂ ಮುಖ್ಯ. ಎಲ್ಲ ಅಡಿಗಳೂ ಸಮಾನವಲ್ಲ. ಜಲಾಶಯವು ನೇರ ಗೋಡೆಗಳ ತೊಟ್ಟಿಯಲ್ಲ; ಅಗಲವಾದ ಬಾಯಿಯುಳ್ಳ ಬೋಗುಣಿಯಂಥದು. ತಳದ ಒಂದು ಅಡಿಯಲ್ಲಿ ಅಲ್ಪ ನೀರು, ಬಾಯಿಯ ಬಳಿಯ ಒಂದು ಅಡಿಯಲ್ಲಿ ಅಪಾರ ನೀರು. ತುಂಗಭದ್ರಾ ಜಲಾಶಯವು ಪೂರ್ಣ ತುಂಬಿದಾಗ ಸುಮಾರು 378 ಚದರ ಕಿಲೋಮೀಟರು ಹರಡಿಕೊಳ್ಳುತ್ತದೆ. ಇಷ್ಟು ವಿಸ್ತಾರದ ಮೇಲೆ ಒಂದಡಿ ನೀರು ನಿಂತರೆ ಅದು ಸುಮಾರು 4 ಟಿಎಂಸಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಟಿಎಂಸಿ ನೀರನ್ನು ನೆಲದ ಮೇಲೆ ಒಂದಡಿ ಎತ್ತರಕ್ಕೆ ಹರಡಿದರೆ ಸುಮಾರು 23,000 ಎಕರೆಯನ್ನು ಅದು ಮುಚ್ಚುತ್ತದೆ. ಹೀಗಾಗಿ ಪತ್ರಿಕೆಯಲ್ಲಿ ‘ಮಟ್ಟ ಕೇವಲ ಒಂದಡಿ ಇಳಿಕೆ’ ಎಂದು ಅಚ್ಚಾದ ದಿನ, ಆ ‘ಕೇವಲ’ ಎಂಬ ಪದವು ಸಾವಿರಾರು ಎಕರೆಯ ಬೆಳೆಯನ್ನು ಮರೆಮಾಚಿರಬಹುದು.

ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನು ನೆನಪಿಡಬೇಕು. ಒಳಹರಿವನ್ನು ಕ್ಯೂಸೆಕ್‌ಗಳಲ್ಲಿ ಹೇಳುತ್ತಾರೆ. ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಸರಿಸುಮಾರು 11,574 ಕ್ಯೂಸೆಕ್ ಪ್ರವಾಹ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ಮಲೆನಾಡಿನಲ್ಲಿ ಜಡಿಮಳೆ ಹಿಡಿದು ಒಳಹರಿವು ಒಂದು ಲಕ್ಷ ಕ್ಯೂಸೆಕ್ ಮುಟ್ಟಿದರೆ ದಿನವೊಂದಕ್ಕೆ ಎಂಟೂವರೆ ಟಿಎಂಸಿಗೂ ಮಿಕ್ಕ ನೀರು ಬಂದಂತೆ. ಕಾಲುವೆಯೊಂದಕ್ಕೆ 4,000 ಕ್ಯೂಸೆಕ್ ಬಿಟ್ಟರೆ ಸುಮಾರು ಮೂರು ದಿನಗಳಿಗೆ ಒಂದು ಟಿಎಂಸಿ ಖರ್ಚು. ತುಂಬುವುದು ವಾರಗಳ ಕೆಲಸ, ಬರಿದಾಗುವುದು ತಿಂಗಳುಗಳ ಕೆಲಸ. ಈ ಎರಡರ ನಡುವಿನ ಜಾಣ್ಮೆಗೇ ನೀರಿನ ನಿರ್ವಹಣೆ ಎಂದು ಹೆಸರು.

ಈ ಲೆಕ್ಕದ ಬೆಲೆ ಏನೆಂಬುದನ್ನು 2024ರ ಆಗಸ್ಟ್ ತಿಂಗಳು ನಾಡಿಗೆಲ್ಲ ತೋರಿಸಿಕೊಟ್ಟಿತು. ತುಂಗಭದ್ರೆಗೆ 33 ಕ್ರೆಸ್ಟ್ ಗೇಟುಗಳು; ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದ ಹೊತ್ತಿನಲ್ಲಿ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟುಗಳು ತಡೆದು ನಿಲ್ಲಿಸುವುದು ಮೇಲಿನ 20 ಅಡಿಯನ್ನು ಮಾತ್ರ. ಆದರೆ ಬೋಗುಣಿಯ ಬಾಯಿ ಅಲ್ಲಿಯೇ ಇರುವುದರಿಂದ ಜಲಾಶಯದ ಅರ್ಧಕ್ಕೂ ಹೆಚ್ಚು ನೀರು ಆ 20 ಅಡಿಗಳಲ್ಲೇ ಇದೆ. ತಜ್ಞರೂ ಕಾರ್ಮಿಕರೂ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ, ಆಗಸ್ಟ್ 17ರ ವೇಳೆಗೆ ಹರಿವನ್ನು ನಿಲ್ಲಿಸಿದರು. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಅಧಿಕ ನೀರು ನದಿಯ ಪಾಲಾಗಿತ್ತು. ಮುಂದೆ ಮಲೆನಾಡಿನ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಕಾಲುವೆಯ ಕೆಳಗಿನ ರೈತರು ನಿಟ್ಟುಸಿರುಬಿಟ್ಟರು. ಆದರೆ ಉಳಿದ ಗೇಟುಗಳ ಮೇಲಿನ ನಂಬಿಕೆ ಮರಳಲಿಲ್ಲ. 2025ರ ಮುಂಗಾರಿನಲ್ಲಿ ಸುರಕ್ಷತೆಯ ಸಲುವಾಗಿ ಸಂಗ್ರಹವನ್ನು 1626 ಅಡಿಗೆ, ಅಂದರೆ ಸುಮಾರು 80 ಟಿಎಂಸಿಗೆ ಮಿತಗೊಳಿಸಲಾಯಿತು. ಏಳು ಅಡಿ ಬಿಟ್ಟುಕೊಟ್ಟದ್ದಕ್ಕೆ ಜಲಾಶಯದ ಕಾಲುಭಾಗ ನೀರೇ ಹೋಯಿತು. ಎಲ್ಲ ಗೇಟುಗಳನ್ನೂ ಬದಲಿಸಬೇಕಾಗಿ ಬಂದುದರಿಂದ 2025–26ರ ಎರಡನೆಯ ಬೆಳೆಗೆ ಕಾಲುವೆಯ ನೀರಿಲ್ಲವೆಂದು ತೀರ್ಮಾನವಾಯಿತು. ಮಳೆ ಬಂದೂ ಬೆಳೆ ಇಲ್ಲದ ವರ್ಷವದು.

ಇನ್ನು ಸಿಂಧನೂರಿನ ಕಡೆಗೆ ಬರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಸಿಂಧನೂರಿನ ಸೀಮೆಯಲ್ಲಿ ಸುರಿಯುವುದು ಸುಮಾರು 600 ಮಿಲಿಮೀಟರು. ಜೋಳ, ಹತ್ತಿ, ಕಡಲೆಗಳ ಕಪ್ಪುನೆಲವದು. 1945ರ ಫೆಬ್ರುವರಿ 28ರಂದು ಅಂದಿನ ಮದರಾಸು ಪ್ರಾಂತ ಹಾಗೂ ಹೈದರಾಬಾದು ಸಂಸ್ಥಾನಗಳು ತುಂಗಭದ್ರಾ ಯೋಜನೆಗೆ ಅಡಿಗಲ್ಲು ಹಾಕಿದಾಗ, ಎಡದಂಡೆ ಕಾಲುವೆಯ ಉದ್ದೇಶ ಭತ್ತ ಬೆಳೆಯುವುದಾಗಿರಲಿಲ್ಲ, ಬರಗಾಲದಿಂದ ರಕ್ಷಿಸುವುದಾಗಿತ್ತು. ಸ್ವಲ್ಪ ನೀರನ್ನು ಬಹಳ ನೆಲಕ್ಕೆ ತೆಳುವಾಗಿ ಹಂಚುವುದು, ಜೋಳ, ಹತ್ತಿ, ಶೇಂಗಾಗಳಿಗೆ ಆಸರೆಯಾಗುವುದು, ಭತ್ತಕ್ಕೆ ಗೊತ್ತುಪಡಿಸಿದ ಕೆಲವೇ ಜಮೀನು ಎಂಬುದು ಯೋಜನೆಯ ತಿರುಳು. 1953ರಲ್ಲಿ ನೀರು ಬಂತು. ಅದರ ಬೆನ್ನಿಗೆ ಕರಾವಳಿ ಆಂಧ್ರದ ಅನುಭವಿ ಭತ್ತದ ರೈತರು ಬಂದು ನೆಲೆಸಿದರು. ಅವರ ವಸತಿಗಳು ಇಂದಿಗೂ ‘ಕ್ಯಾಂಪು’ಗಳೆಂದೇ ಹೆಸರಾಗಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ದೊರೆಯಿತು. ಕಪ್ಪುನೆಲ ಹಸಿರಾಯಿತು. ಸಿಂಧನೂರು, ಗಂಗಾವತಿ, ಕಾರಟಗಿಗಳು ಭತ್ತದ ಕಣಜ ಎನಿಸಿಕೊಂಡವು.

ಆ ಸಮೃದ್ಧಿಯನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಲೆಕ್ಕವೂ ಸುಳ್ಳಾಗದು. ಭತ್ತಕ್ಕೆ ಒಂದು ಹಂಗಾಮಿನಲ್ಲಿ ನಾಲ್ಕು ಅಡಿಯಷ್ಟು ನೀರು ಬೇಕೆಂದು ಹಿಡಿದರೆ ಒಂದು ಟಿಎಂಸಿ ಆರು ಸಾವಿರ ಎಕರೆಗೂ ಸಾಲದು. ಒಂದೂವರೆ–ಎರಡು ಅಡಿಯಲ್ಲಿ ಮುಗಿಯುವ ಜೋಳಕ್ಕಾದರೆ ಅದೇ ನೀರು ಹನ್ನೊಂದರಿಂದ ಹದಿನೈದು ಸಾವಿರ ಎಕರೆಗೆ ಬರುತ್ತದೆ. ಕಾಲುವೆಯ ಸೋರಿಕೆಯನ್ನು ಕಳೆದರೆ ಎರಡೂ ಇನ್ನಷ್ಟು ತಗ್ಗುತ್ತವೆ. ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರು. ಕೊಪ್ಪಳ ಜಿಲ್ಲೆಯಲ್ಲಿ ಆರಂಭವಾಗಿ ಸಿಂಧನೂರು, ಮಾನ್ವಿ, ಸಿರವಾರಗಳನ್ನು ದಾಟಿ ರಾಯಚೂರಿನತ್ತ ಸಾಗುವ ಈ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕೆಳಭಾಗದಲ್ಲಿ ನೀರು ಕಡಿಮೆ. ಅದಕ್ಕಾಗಿಯೇ ಅಲ್ಲಿಯ ರೈತರು ಜಲಾಶಯದ ಮಟ್ಟವೊಂದನ್ನೇ ನಂಬುವುದಿಲ್ಲ. ಕಾಲುವೆಯ ಮೈಲು 69ರಲ್ಲಿ ಗೇಜು ಎಷ್ಟಿದೆ, ಮೈಲು 104ರಲ್ಲಿ ಎಷ್ಟಿದೆ ಎಂದು ಕೇಳುತ್ತಾರೆ. ಜಲಾಶಯ ತುಂಬಿದ್ದರೂ ಕಾಲುವೆಯ ಕೊನೆಯ ಗೇಜು ಇಳಿದರೆ ಅವರ ಪಾಲಿಗೆ ಅದು ಬರಗಾಲವೇ. ನೀರಿನ ಕೊರತೆಯ ದಿನಗಳಲ್ಲಿ ಕಾಲುವೆಯ ಇಕ್ಕೆಲಗಳಲ್ಲಿ ನಿಷೇಧಾಜ್ಞೆ ಜಾರಿಮಾಡಿ ಪಂಪುಸೆಟ್ಟುಗಳನ್ನು ತೆಗೆಸಬೇಕಾಗಿ ಬರುವುದೂ ಅಲ್ಲಿಗೆ ಹೊಸದೇನಲ್ಲ.

ಹಂಚಿಕೆಯ ಮೇಲ್ಮಟ್ಟದ ಚಿತ್ರವನ್ನೂ ಅರಿಯಬೇಕು. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿಯ ತೀರ್ಪಿನ ಪ್ರಕಾರ ತುಂಗಭದ್ರಾ ಜಲಾಶಯದ ವಾರ್ಷಿಕ ಬಳಕೆ 230 ಟಿಎಂಸಿ. ಅದರಲ್ಲಿ 18 ಟಿಎಂಸಿ ಸೂರ್ಯನ ಪಾಲು, ಅಂದರೆ ಆವಿಯಾಗಿ ಹೋಗುವ ನೀರು. ಉಳಿದ 212ರಲ್ಲಿ 138.99 ಟಿಎಂಸಿ ಕರ್ನಾಟಕಕ್ಕೆ. ಮಿಕ್ಕುದು ಆಂಧ್ರಪ್ರದೇಶ ಹಾಗೂ ತೆಲಂಗಾಣಗಳಿಗೆ. 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯು ಲಭ್ಯ ನೀರನ್ನು ಇದೇ ಅನುಪಾತದಲ್ಲಿ ಹಂಚುತ್ತದೆ. ನೂರೈದು ಟಿಎಂಸಿಯ ಜಲಾಶಯದಿಂದ ಇನ್ನೂರಕ್ಕೂ ಹೆಚ್ಚು ಟಿಎಂಸಿ ಹಂಚುವುದು ಹೇಗೆಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಮುಂಗಾರಿನಲ್ಲಿ ಒಂದು ಕಡೆ ನೀರು ಬರುತ್ತಿರುವಾಗಲೇ ಇನ್ನೊಂದು ಕಡೆ ಕಾಲುವೆಗಳು ಹರಿಯುತ್ತಿರುತ್ತವೆ ಎಂಬುದೇ ಉತ್ತರ. ಆದುದರಿಂದ ಜಲಾಶಯ ಎಷ್ಟು ತುಂಬಿತು ಎಂಬುದರಷ್ಟೇ, ಯಾವಾಗ ತುಂಬಿತು ಮತ್ತು ಒಳಹರಿವು ಎಷ್ಟು ದಿನ ಬಾಳಿತು ಎಂಬುದೂ ಮುಖ್ಯ. ಎರಡು ದಿನ ಅಬ್ಬರಿಸಿ ನಿಂತ ಪ್ರವಾಹಕ್ಕಿಂತ ಅಕ್ಟೋಬರ್‌ವರೆಗೆ ಸಣ್ಣಗೆ ಹರಿದ ಹೊಳೆಯೇ ಸಿಂಧನೂರಿಗೆ ಹೆಚ್ಚು ಉಪಕಾರಿ. ಮೊದಲನೆಯದು ಗೇಟುಗಳ ಮೇಲೆ ಹಾರಿಹೋಗುತ್ತದೆ. ಎರಡನೆಯದು ಕಾಲುವೆಗೆ ಸಿಗುತ್ತದೆ. ಹೊಳೆಯನ್ನು ಅಕ್ಟೋಬರ್‌ವರೆಗೆ ಬಾಳಿಸುವುದು ಅಣೆಕಟ್ಟಲ್ಲ. ಬೆಟ್ಟದ ಕಾಡು ಮತ್ತು ಅದರಡಿಯ ಮಣ್ಣು.

ಮಟ್ಟವನ್ನು ನಂಬಿ ಬದುಕುವವರು ರೈತರಷ್ಟೇ ಅಲ್ಲ, ಮೀನುಗಾರರೂ ಇದ್ದಾರೆ. ಅಮೆರಿಕದ ಜಲಾಶಯಗಳಲ್ಲಿ ಬಾಸ್ ಎಂಬ ಮೀನಿಗೆ ಹವ್ಯಾಸಕ್ಕಾಗಿ ಗಾಳ ಹಾಕುವವರು ಮನೆಯಿಂದ ಹೊರಡುವ ಮುನ್ನ ನೀರಿನ ಮಟ್ಟವನ್ನು ನೋಡುತ್ತಾರೆ. ಆ ಮೀನು ಅಂಚಿನ ಆಳವಿಲ್ಲದ ನೀರಿನಲ್ಲಿ ಗೂಡು ಮಾಡಿ ಮೊಟ್ಟೆಯಿಡುವುದರಿಂದ, ಮಟ್ಟ ಥಟ್ಟನೆ ಕುಸಿದರೆ ಗೂಡೇ ಒಣಗಿಹೋಗುತ್ತದೆ. ತುಂಗಭದ್ರೆಯ ಹಿನ್ನೀರಿನಲ್ಲಿ ಹರಿಗೋಲು ಹಾಕುವವರಿಗೆ ಇದು ಹವ್ಯಾಸವಲ್ಲ, ಹೊಟ್ಟೆಪಾಡು. ರೋಹು, ಕಾಟ್ಲಾದಂಥ ಮೀನುಗಳು ಮುಂಗಾರಿನ ಹೊಸನೀರಿಗೆ ಎದುರೀಜಿ, ಮುಳುಗಿದ ಅಂಚುಗಳಲ್ಲಿ ಮರಿಮಾಡುವ ಸ್ವಭಾವದವು. ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಮೀನುಗಳೆಲ್ಲ ಒತ್ತಟ್ಟಿಗೆ ಸೇರಿ ಬಲೆಗೆ ಸುಲಭವಾಗಿ ಸಿಕ್ಕುತ್ತವೆ. ಆ ಸುಗ್ಗಿ ಮುಂದಿನ ವರ್ಷದ ಬಡತನವೂ ಆಗಬಲ್ಲದೆಂದು ಹಿರಿಯ ಮೀನುಗಾರರು ಬಲ್ಲರು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ನದಿ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಮೀಸಲು ಪ್ರದೇಶವಾಯಿತು. ಹೊರಹರಿವಿನ ಅಂಕಿ ಸೊನ್ನೆಯ ಹತ್ತಿರ ಬಂದಾಗ ಆ ಜೀವಿಗಳ ಪಾಡೇನು ಎಂಬುದು ಪತ್ರಿಕೆಯ ಪಟ್ಟಿಯಲ್ಲಿ ಅಚ್ಚಾಗುವುದಿಲ್ಲ.

ಈಗ ಮಟ್ಟದ ಕೆಳಗಿರುವುದರ ಮಾತು. 1953ರಲ್ಲಿ 1633 ಅಡಿ ಎಂದರೆ 132.47 ಟಿಎಂಸಿ. 2008ರ ಸಮೀಕ್ಷೆಯಲ್ಲಿ ಅದೇ 1633 ಅಡಿಗೆ 100.855 ಟಿಎಂಸಿ, 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿ. ನಡುವೆ ಹೂಳು ಕರಗಿಹೋಯಿತೆಂದು ಇದರ ಅರ್ಥವಲ್ಲ. ಅಳೆಯುವ ವಿಧಾನ ಬದಲಾದಾಗ ಉತ್ತರವೂ ಸ್ವಲ್ಪ ಬದಲಾಗುತ್ತದೆ. 2016ರ ಅಂಕಿಯನ್ನೇ ಹಿಡಿದರೂ ಸುಮಾರು 27 ಟಿಎಂಸಿ ನೀರಿನ ಜಾಗದಲ್ಲಿ ಇಂದು ಮಣ್ಣು ಕುಳಿತಿದೆ. ಗೇಜಿನ ಕಂಬದ ಮೇಲೆ ಅಂಕಿ ಅದೇ, ಪತ್ರಿಕೆಯಲ್ಲಿ ‘ಜಲಾಶಯ ಭರ್ತಿ’ ಎಂಬ ಶೀರ್ಷಿಕೆಯೂ ಅದೇ. ಆದರೆ ಅಜ್ಜ ಕಂಡ ಭರ್ತಿ ಬೇರೆ, ಮೊಮ್ಮಗ ಕಾಣುವ ಭರ್ತಿ ಬೇರೆ. ಕಳೆದುಹೋದ ಆ ಜಾಗವು ಸುಮಾರು ಒಂದೂವರೆ ಲಕ್ಷ ಎಕರೆ ಭತ್ತಕ್ಕೆ ಒಂದು ಹಂಗಾಮಿನ ನೀರಿನಷ್ಟಾಗುತ್ತದೆ.

ಹೂಳೆತ್ತಿದರಾಯಿತಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. 2017ರ ಬೇಸಿಗೆಯಲ್ಲಿ ಆ ಭಾಗದ ರೈತರು ತಾವೇ ಮುಂದಾಗಿ ಹೂಳೆತ್ತುವ ಸಾಹಸಕ್ಕೆ ಇಳಿದದ್ದೂ ಉಂಟು. ಅವರ ಛಲಕ್ಕೆ ಗೌರವ ಸಲ್ಲಲೇಬೇಕು. ಆದರೆ 27 ಟಿಎಂಸಿ ಹೂಳೆಂದರೆ ಸುಮಾರು 75 ಕೋಟಿ ಘನ ಮೀಟರು. ಲಾರಿಯೊಂದಕ್ಕೆ ಹತ್ತು ಘನ ಮೀಟರು ತುಂಬಿದರೆ ಏಳೂವರೆ ಕೋಟಿ ಲಾರಿ. ದಿನಕ್ಕೆ ಸಾವಿರ ಲಾರಿ ಹೊರಟರೂ ಇನ್ನೂರು ವರ್ಷ ಹಿಡಿಯುತ್ತದೆ. ಆ ಇನ್ನೂರು ವರ್ಷವೂ ಹೊಸ ಹೂಳು ಬರುತ್ತಲೇ ಇರುತ್ತದೆ. ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪವಿದೆ. ಅದಕ್ಕೂ ನೆಲ ಬೇಕು, ಹಣ ಬೇಕು, ಮುಳುಗುವವರ ಒಪ್ಪಿಗೆ ಬೇಕು. ಬಂದ ಮಣ್ಣನ್ನು ಹೊರಹಾಕುವುದಕ್ಕಿಂತ, ಬಾರದಂತೆ ತಡೆಯುವುದು ಎಷ್ಟೋ ಪಾಲು ಅಗ್ಗ.

ಆ ಮಣ್ಣು ಎಲ್ಲಿಯದು? ಅಣೆಕಟ್ಟಿನ ಹಿಂದೆ ಸುಮಾರು 28,000 ಚದರ ಕಿಲೋಮೀಟರು ಜಲಾನಯನ ಪ್ರದೇಶವಿದೆ. ಎಲ್ಲ ಹೂಳನ್ನೂ ಬೆಟ್ಟದ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಯಲುಸೀಮೆಯ ಬದುವಿಲ್ಲದ ಹೊಲಗಳೂ ತಮ್ಮ ಪಾಲು ಸೇರಿಸುತ್ತವೆ. ಕುದುರೆಮುಖದ ಕಡೆಯಿಂದ ಭದ್ರೆ ಹೊತ್ತುತಂದ ಮಣ್ಣಿನ ಬಹುಭಾಗ ಲಕ್ಕವಳ್ಳಿಯ ಜಲಾಶಯದಲ್ಲೇ ತಂಗುತ್ತದೆ. ಅಲ್ಲಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ನಿಂತದ್ದು ಮಲೆನಾಡಿನ ಜನರಿಗೆ ಗೊತ್ತೇ ಇದೆ. ಆದರೆ ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು. ಮಳೆಗಾಲದ ಕೆಂಪುನೀರು ಅದನ್ನು ದಾಟಿ ಕೂಡ್ಲಿಯ ಕಡೆಗೆ ನಡೆಯುತ್ತದೆ. ಸಾಗರದ ಬಳಿ ಹುಟ್ಟುವ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಗುಡ್ಡದ ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಸಾಲು ಹೊಡೆದ ಶುಂಠಿ, ದರಗು ಗುಡಿಸಿ ಬೋಳಾದ ಸೊಪ್ಪಿನ ಬೆಟ್ಟ, ಬ್ಯಾಣವನ್ನು ಯಂತ್ರದಿಂದ ಕೆತ್ತಿ ಮಾಡಿದ ಹೊಸ ತೋಟ, ರಸ್ತೆಗಾಗಿ ಕಡಿದು ಕುಸಿದ ಧರೆ ಇವೆಲ್ಲವೂ ಕೊನೆಗೆ ಹೊಸಪೇಟೆಯಲ್ಲಿ ಗೇಜಿನ ಕೆಳಗೆ ಹೋಗಿ ಕುಳಿತುಕೊಳ್ಳುತ್ತವೆ. ಮಣ್ಣು ಕಳೆದುಕೊಂಡ ಗುಡ್ಡ ನೀರನ್ನು ಇಂಗಿಸಲಾರದು. ಆಗ ಜುಲೈಯಲ್ಲಿ ಪ್ರವಾಹ, ಫೆಬ್ರುವರಿಯಲ್ಲಿ ಒಣಗಿದ ಹಳ್ಳ. ನಷ್ಟ ಮೊದಲು ಮಲೆನಾಡಿನದೇ; ಸಿಂಧನೂರಿನದು ಆಮೇಲೆ.

ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಕೆಲಸ ಸೂಚಿಸಬಹುದು. ಮುಂಗಾರಿನ ಮೊದಲ ದೊಡ್ಡ ಮಳೆಯ ದಿನ ಊರಿನ ಹಳ್ಳದಿಂದ ಒಂದು ಲೀಟರು ನೀರು ಹಿಡಿದು, ಎರಡು ದಿನ ಅಲುಗಿಸದೆ ಇಟ್ಟು, ತಳದ ಕೆಸರನ್ನು ಒಣಗಿಸಿ ತೂಗಬೇಕು. ಕಾನಿನಿಂದ ಬರುವ ಹಳ್ಳ, ಶುಂಠಿ ಹಾಕಿದ ಗುಡ್ಡದಿಂದ ಬರುವ ಹಳ್ಳ ಎರಡನ್ನೂ ಅಳೆಯಬೇಕು. ಲೀಟರಿಗೆ ಒಂದೇ ಒಂದು ಗ್ರಾಂ ಮಣ್ಣಿದ್ದರೂ ಒಂದು ಟಿಎಂಸಿ ನೀರು 28,000 ಟನ್ನಿಗಿಂತ ಹೆಚ್ಚು ಮಣ್ಣನ್ನು ಹೊತ್ತೊಯ್ಯುತ್ತದೆ. ಶಾಲೆಯ ತಕ್ಕಡಿಯಲ್ಲಿ ತೂಗಿದ ಆ ಒಂದು ಗ್ರಾಂ ದೊಡ್ಡ ವರದಿಗಳಿಗಿಂತ ಹೆಚ್ಚು ಮನದಟ್ಟು ಮಾಡಬಲ್ಲದು.

ಗ್ರಾಮಸ್ಥರು ಮಾಡಬಹುದಾದದ್ದು ಹೊಸ ವಿದ್ಯೆಯೇನಲ್ಲ. ಇಳಿಜಾರಿಗೆ ಅಡ್ಡವಾಗಿ ಸಾಲು, ಅಡ್ಡ ಬದು, ಇಂಗುಗುಂಡಿ, ಶುಂಠಿಯ ಮಡಿಗೆ ಸೊಪ್ಪಿನ ಹೊದಿಕೆ, ಹಳ್ಳದ ದಂಡೆಯ ಮರಗಳನ್ನು ಕಡಿಯದಿರುವುದು, ಮಳೆಗಾಲದ ಬಾಯಲ್ಲಿ ಗುಡ್ಡ ಅಗೆಯದಿರುವುದು. ಕೆಳಗಿನವರ ಕರ್ತವ್ಯವೂ ಅಷ್ಟೇ ದೊಡ್ಡದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ಕೂರಿಗೆಯಿಂದ ಭತ್ತವನ್ನು ನೇರ ಬಿತ್ತುವ ಪದ್ಧತಿಯನ್ನು ಆ ಸೀಮೆಯಲ್ಲಿ ಪ್ರಚುರಪಡಿಸುತ್ತ ಬಂದಿದೆ. ಕೆಸರುಗದ್ದೆ, ನಾಟಿಗಳಿಗೆ ಬೇಕಾದ ನೀರು ಅದರಲ್ಲಿ ಉಳಿಯುತ್ತದೆ. ನೀರು ನಿಂತು ಸವುಳಾದ ಕಪ್ಪುನೆಲಕ್ಕೆ ಭತ್ತದ ಮೋಹ ತಗ್ಗಿಸುವುದೇ ಔಷಧ. ಕಾಲುವೆಯ ಮೇಲ್ಭಾಗದವರು ಕೊನೆಯ ಗೇಜನ್ನೂ ತಮ್ಮದೇ ಎಂದು ನೋಡಬೇಕಾಗಿದೆ. ಬೆಟ್ಟದವರು ಮಣ್ಣು ಹಿಡಿದು ನಿಲ್ಲಿಸಿ, ಬಯಲಿನವರು ನೀರನ್ನು ಎರಡನೆಯ ಬೆಳೆಗೆಂದು ನಿಂತ ನೀರಾಗಿ ಸುರಿದರೆ ಫಲವಿಲ್ಲ. ಬಯಲಿನವರು ನೀರುಳಿಸಿ, ಬೆಟ್ಟದವರು ಮಣ್ಣು ಬಿಟ್ಟರೂ ಫಲವಿಲ್ಲ.

ಮುಂದಿನ ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯ ಆ ಪಟ್ಟಿಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಈ ಅಡಿಯಲ್ಲಿ ಎಷ್ಟು ನೀರಿದೆ? ಈ ನೀರು ಕಾಲುವೆಯ ಕೊನೆಯ ಗದ್ದೆಯನ್ನು ಮುಟ್ಟುವುದೇ? ಈ ಮಟ್ಟದ ಕೆಳಗೆ ಯಾವ ಊರಿನ ಮಣ್ಣಿದೆ? ಮೊದಲ ಎರಡಕ್ಕೆ ಸಿಂಧನೂರಿನ ರೈತನು ಉತ್ತರ ಹುಡುಕುತ್ತಲೇ ಇದ್ದಾನೆ. ಮೂರನೆಯದರ ಉತ್ತರ ಮಲೆನಾಡಿನ ಗುಡ್ಡದ ಇಳಿಜಾರಿನಲ್ಲಿದೆ.